ಪರದ್ರವ್ಯದ ಅಳುಪು: ಮಿತಾಕ್ಷರೆಯಲ್ಲಿ, ಶರಣರಲ್ಲಿ

ಪರರ ವಸ್ತುವಿಗೆ ಮನಸೋಲುವುದು ದೋಷವೆಂಬುದನ್ನು ಬಹುಮಟ್ಟಿಗೆ ಎಲ್ಲ ಧರ್ಮಗಳೂ ಒಪ್ಪುತ್ತವೆ. ಆ ದೋಷವನ್ನು ಯಾರ ತಲೆಯ ಮೇಲೆ ಹೊರಿಸಬೇಕೆಂಬಲ್ಲಿ ಮಾತ್ರ ಅವುಗಳ ದಾರಿ ಬೇರೆಯಾಗುತ್ತದೆ. ವಚನಗಳ ನೀತಿಯನ್ನು ಕುರಿತು ಬರೆದವರು ಮೊದಲನೆಯ ಮಾತನ್ನು ಸಾಕಷ್ಟು ವಿಸ್ತರಿಸಿದ್ದಾರೆ. ಎರಡನೆಯದಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲವೆಂದು ನಮಗೆ ತೋರುತ್ತದೆ. ಅದನ್ನು ಪರಿಶೀಲಿಸಲು ಕಲಬುರಗಿಯ ಸೀಮೆಗಿಂತ ತಕ್ಕ ನೆಲ ಬೇರೊಂದಿಲ್ಲ. ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನ ಊರೆಂದು ಗುರುತಿಸಲಾಗಿರುವ ಮರತೂರು ಇದೇ ಜಿಲ್ಲೆಯಲ್ಲಿ ಶಹಾಬಾದಿನ ಬಳಿ ಇದೆ. ನಗರದಿಂದ ಈಶಾನ್ಯಕ್ಕೆ ಹೊರಟು, ಕಮಲಾಪುರವನ್ನು ಹಾದು, ಹುಮನಾಬಾದಿನಲ್ಲಿ ಪಶ್ಚಿಮಕ್ಕೆ ತಿರುಗಿದರೆ ಅವನು ತನ್ನ ಗ್ರಂಥದ ಕೊನೆಯಲ್ಲಿ ಬಾಯ್ತುಂಬ ಹೊಗಳಿದ ಕಲ್ಯಾಣ. ಅದೇ ಕಲ್ಯಾಣದಲ್ಲಿ, ಅವನ ಕಾಲದಿಂದ ಹೆಚ್ಚೆಂದರೆ ಎರಡು ಮೂರು ತಲೆಮಾರು ಈಚೆಗೆ, ಆಯ್ದಕ್ಕಿ ಲಕ್ಕಮ್ಮ ತನ್ನ ಗಂಡನಿಗೆ ಬುದ್ಧಿ ಹೇಳಿದಳು.

ಮೊದಲು ಪದಗಳ ವಿಚಾರ. ಆಸೆ ಬೇರೆ, ಅಳುಪು ಬೇರೆ. ಹಸಿದವನು ಅನ್ನವನ್ನು ಬಯಸುವುದು ಆಸೆ. ಇನ್ನೊಬ್ಬನ ತಟ್ಟೆಯಲ್ಲಿರುವುದೇ ತನಗೆ ಬೇಕೆನ್ನುವುದು ಅಳುಪು. ಕರುಬು ಇವೆರಡಕ್ಕಿಂತಲೂ ಭಿನ್ನವಾದುದು: ಅಲ್ಲಿ ವಸ್ತು ತನಗೆ ಬರಬೇಕೆಂಬುದಿಲ್ಲ, ಪರರಲ್ಲಿ ಇರಬಾರದೆಂಬುದೇ ಮುಖ್ಯ. ಆಡುಮಾತಿನ ಹೊಟ್ಟೆಕಿಚ್ಚು ಈ ಕರುಬಿಗೆ ಸಂದ ಹೆಸರು. ಕೂಸು ಸೊರಗಿದರೆ, ಎಮ್ಮೆ ಹಾಲು ಕಡಿಮೆ ಮಾಡಿದರೆ ಕಲಬುರಗಿಯ ಕಡೆ ‘ನದರು ಹತ್ತಿತು’ ಎನ್ನುತ್ತಾರೆ. ಈ ಪದಗಳಲ್ಲಿ ಒಂದು ಸಾಮಾನ್ಯ ಲಕ್ಷಣವನ್ನು ಗಮನಿಸಬೇಕು. ಇವೆಲ್ಲವೂ ಉಳ್ಳವನು ತನ್ನ ಹೊಸ್ತಿಲೊಳಗೆ ನಿಂತು ಹೊರಗಿನವನನ್ನು ನೋಡಿ ಆಡುವ ಮಾತುಗಳು. ಹೊರಗೆ ನಿಂತವನು ಒಳಗಿನವನನ್ನು ಕುರಿತು ಆಡಬಹುದಾದ ಪದವೆಂದರೆ ಲೋಭವೊಂದೇ. ಅದೂ ಸಂಸ್ಕೃತದಿಂದ ಬಂದದ್ದು. ಜಿಪುಣನೆಂಬ ಬೈಗುಳವಿದೆಯಲ್ಲ ಎನ್ನಬಹುದು. ಆದರೆ ಜಿಪುಣನನ್ನು ಕಂಡು ಜನ ನಗುತ್ತಾರೆ; ಹೊಟ್ಟೆಕಿಚ್ಚಿನವನನ್ನು ಕಂಡರೆ ಹೇಸುತ್ತಾರೆ.

ಇನ್ನು ಶಾಸ್ತ್ರ. ಯಾಜ್ಞವಲ್ಕ್ಯಸ್ಮೃತಿಯ ಪ್ರಾಯಶ್ಚಿತ್ತಾಧ್ಯಾಯವು ದೋಷಗಳನ್ನು ಮನಸ್ಸು, ಮಾತು, ಮೈ ಎಂದು ಮೂರಾಗಿ ವಿಂಗಡಿಸುತ್ತದೆ. ಮನಸ್ಸಿನ ದೋಷಗಳಲ್ಲಿ ಮೊದಲು ಎಣಿಸಿರುವುದು ಪರದ್ರವ್ಯದ ಚಿಂತನೆಯನ್ನೇ. ಕೈ ಚಾಚದಿದ್ದರೂ, ನಾಲಗೆ ಅಲುಗದಿದ್ದರೂ, ನೆನೆದದ್ದೇ ದೋಷ. ಯೆಹೂದ್ಯರ ದಶಾಜ್ಞೆಗಳಲ್ಲಿ ಕೊನೆಯದೂ ಹೀಗೆಯೇ ಕೈಯನ್ನು ಬಿಟ್ಟು ಮನಸ್ಸನ್ನು ಹಿಡಿಯುವುದನ್ನು ಹೋಲಿಸಿ ನೋಡಬಹುದು. ಮನಸ್ಸಿಗೂ ಹೊಣೆಯುಂಟೆಂಬ ಈ ಸೂಕ್ಷ್ಮವು ದೊಡ್ಡದು. ಅದನ್ನು ನಾವು ಕಡೆಗಣಿಸುವುದಿಲ್ಲ.

ಆದರೆ ಫಲವನ್ನು ಹೇಳುವಲ್ಲಿ ಸ್ಮೃತಿಯ ಕ್ರಮ ಹೇಗಿದೆಯೆಂಬುದನ್ನು ನೋಡಬೇಕು. ಮೈಯಿಂದ ಮಾಡಿದ ಪಾಪಕ್ಕೆ ಮರಗಿಡಗಳಂಥ ಸ್ಥಾವರಜನ್ಮ, ಮಾತಿನದಕ್ಕೆ ಮೃಗಪಕ್ಷಿಗಳ ಜನ್ಮ, ಮನಸ್ಸಿನದಕ್ಕೆ ಅಂತ್ಯಯೋನಿಯಲ್ಲಿ ಜನ್ಮ. ಮನುವಿನಲ್ಲಿಯೂ ಇದೇ ಮೂರು ಮೆಟ್ಟಿಲು. ಹೊರನೋಟಕ್ಕೆ ಮನಸ್ಸಿನ ದೋಷಕ್ಕೆ ಮೂರರಲ್ಲಿ ಹಗುರವಾದ ಶಿಕ್ಷೆ ವಿಧಿಸಿದಂತೆ ಕಾಣುತ್ತದೆ. ವಾಸ್ತವವಾಗಿ ಲೋಕದಲ್ಲಿ ಬಹು ಭಾರವಾಗಿ ಬಿದ್ದದ್ದು ಅದೇ. ನೀನು ಹಿಂದೆ ಕಳವು ಮಾಡಿದೆ, ಅದಕ್ಕೇ ಹೀಗೆ ನಿಂತಿದ್ದೀಯೆ ಎಂದು ಹುಣಿಸೆಯ ಮರಕ್ಕೆ ಯಾರೂ ಹೇಳಲಾರರು. ಊರ ಹೊರಗಿನ ಕೇರಿಯಲ್ಲಿ ಹುಟ್ಟಿದ ಮನುಷ್ಯನಿಗೆ ಮಾತ್ರ ಅದನ್ನು ಹೇಳಬಹುದು, ಹೇಳಿಯೂ ಹೇಳಿದರು. ಇವನಿಗೆ ಏನೂ ಇಲ್ಲ, ಏಕೆಂದರೆ ಹಿಂದಿನ ಜನ್ಮದಲ್ಲಿ ಇವನು ಪರರದನ್ನು ನೆನೆದಿದ್ದ—ಹೀಗೆ ಇಲ್ಲದಿರುವುದೇ ಅಳುಪಿದ್ದಕ್ಕೆ ಸಾಕ್ಷಿಯಾಯಿತು.

ಇದೇ ಗ್ರಂಥದ ವ್ಯವಹಾರಾಧ್ಯಾಯವನ್ನು ಪಕ್ಕದಲ್ಲಿಟ್ಟು ಓದಿದರೆ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಸ್ವತ್ವವು ಲೌಕಿಕವಾದುದು, ಲೋಕವ್ಯವಹಾರದಿಂದಲೇ ತಿಳಿಯತಕ್ಕದ್ದು ಎಂದು ವಿಜ್ಞಾನೇಶ್ವರನು ಸಾಧಿಸುತ್ತಾನೆ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವ ಬರುತ್ತದೆಂದು ನಿರ್ಣಯಿಸುತ್ತಾನೆ. ತಂದೆ ಆಸ್ತಿಯನ್ನು ಮನಬಂದಂತೆ ಕಳೆಯದಂತೆ ತಡೆದ ಈ ತೀರ್ಮಾನವು ಬಂಗಾಳದ ಕಡೆಯನ್ನು ಬಿಟ್ಟು ದೇಶದ ಬಹುಭಾಗದಲ್ಲಿ ನಿಂತಿತು. ಅದರ ತರ್ಕದ ಬಿಗಿಯನ್ನು ಯಾರೂ ಮೆಚ್ಚಬೇಕಾದ್ದೇ. ಆದರೂ ಒಂದು ಅಧ್ಯಾಯದಲ್ಲಿ ಹುಟ್ಟು ಒಬ್ಬನಿಗೆ ಹೊಲವನ್ನು ಕೊಡುತ್ತದೆ. ಇನ್ನೊಂದರಲ್ಲಿ ಅದೇ ಹುಟ್ಟು ಇನ್ನೊಬ್ಬನಿಗೆ ಹೊಲವಿಲ್ಲದಿರುವುದನ್ನೂ ಅದರ ಕಾರಣವನ್ನೂ ಒಟ್ಟಿಗೇ ಕೊಡುತ್ತದೆ. ಇವೆರಡನ್ನೂ ಒಂದೇ ಲೇಖನಿ ವಿವರಿಸಿತು. ಎರಡಕ್ಕೂ ನಡುವೆ ಏನಾದರೂ ಸಂಬಂಧವುಂಟೇ ಎಂದು ವ್ಯಾಖ್ಯಾನಕಾರನು ಕೇಳಲಿಲ್ಲ. ಕೇಳುವುದು ಅವನ ಕೆಲಸವೂ ಆಗಿರಲಿಲ್ಲವೆನ್ನೋಣ.

ಕವಿಗಳು ಈ ವಿಷಯದಲ್ಲಿ ಶಾಸ್ತ್ರಕಾರರ ಹಿಂದೆ ಹೋಗಲಿಲ್ಲವೆಂಬುದು ಸಂತೋಷದ ಸಂಗತಿ. 941ರ ಪಂಪನ ಆದಿಪುರಾಣದಲ್ಲಿ ತಮ್ಮಂದಿರ ಪಾಲಿನ ನೆಲವೂ ತನಗೆ ಎರಗಬೇಕೆನ್ನುವವನು ಷಟ್ಖಂಡವನ್ನು ಗೆದ್ದ ಭರತ. ಇಂದ್ರಪ್ರಸ್ಥದ ಸಿರಿಯನ್ನು ಕಂಡು ಬೇಯುವ ದುರ್ಯೋಧನನಿಗೆ ಹಸ್ತಿನಾವತಿ ಇತ್ತು. ಪರಸತಿಯ ವಿಷಯದಲ್ಲಿ ವ್ರತವನ್ನು ತಳೆದಿದ್ದೂ ಜಾರುವ ನಾಗಚಂದ್ರನ ರಾವಣನು ಲಂಕೆಯ ಒಡೆಯ. ನಮ್ಮ ಮಹಾಕಾವ್ಯಗಳಲ್ಲಿ ಅಳುಪುವವನು ಸಾಮಾನ್ಯವಾಗಿ ಅರಸು, ಬಡವನಲ್ಲ.

ಲಕ್ಕಮ್ಮನ ವಚನವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಕಥೆ ಎಲ್ಲರಿಗೂ ಗೊತ್ತಿರುವುದೇ. ರಾಯಚೂರು ಸೀಮೆಯಿಂದ ಕಲ್ಯಾಣಕ್ಕೆ ಬಂದ ದಂಪತಿಗಳು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತರುತ್ತಾನೆ. ಇಷ್ಟರ ಆಸೆ ನಮಗೇಕೆ, ಆಸೆ ಅರಸರಿಗೆ ತಕ್ಕದ್ದು, ಹೆಚ್ಚಿನದನ್ನು ಅಲ್ಲಿಯೇ ಹಾಕಿ ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳುಹಿಸುತ್ತಾಳೆ. ಇದನ್ನು ಸಾಮಾನ್ಯವಾಗಿ ಕಾಯಕಶುದ್ಧಿಗೆ, ಸಂಗ್ರಹಬುದ್ಧಿಯ ನಿರಾಕರಣೆಗೆ ಉದಾಹರಣೆಯಾಗಿ ಕೊಡುವುದು ವಾಡಿಕೆ. ತಪ್ಪೇನಿಲ್ಲ, ಆದರೆ ವಚನದ ಮೊನೆ ಅಷ್ಟರಿಂದ ಕಾಣದು. ಆ ಅಕ್ಕಿ ಯಾರದು? ನೆಲಕ್ಕೆ ಬಿದ್ದದ್ದು, ಒಡೆಯನು ಬಿಟ್ಟದ್ದು. ಮಿತಾಕ್ಷರೆಯ ಯಾವ ಲೆಕ್ಕದಿಂದಲೂ ಮಾರಯ್ಯನು ಪರದ್ರವ್ಯವನ್ನು ಮುಟ್ಟಿಲ್ಲ, ನೆನೆದೂ ಇಲ್ಲ. ಹೀಗಿದ್ದೂ ಲಕ್ಕಮ್ಮನ ದೃಷ್ಟಿಯಲ್ಲಿ ಅದು ಆಸೆ. ಅವಳು ಒಡೆತನವನ್ನು ಕೇಳುವುದೇ ಇಲ್ಲ. ಇಂದಿಗೆ ಎಷ್ಟು ಬೇಕೆಂದು ಕೇಳುತ್ತಾಳೆ. ಆ ಅಳತೆಯನ್ನು ಮೀರಿದ್ದು ಯಾರ ಮನೆಯಲ್ಲಿದ್ದರೂ, ಹೇಗೆ ಬಂದಿದ್ದರೂ, ಪರರದೇ. ಅಂದಮೇಲೆ ಅಳುಪೆಂಬುದು ಹೊರಗೆ ನಿಂತವನ ಕಣ್ಣಿನಲ್ಲಿ ಮಾತ್ರ ಇರುವುದಲ್ಲ, ಒಳಗಿನವನ ಕಣಜದಲ್ಲಿಯೂ ಇರಬಹುದು. ಆಸೆಯನ್ನು ಅರಸನಿಗೆ ಒಪ್ಪಿಸಿದ ಆ ಮಾತನ್ನು ಕಲ್ಯಾಣದಲ್ಲಿ, ಅರಮನೆಯ ಊರಿನಲ್ಲಿ ಆಡಿದಳೆಂಬುದನ್ನು ಮರೆಯಬಾರದು. ಶಾಸ್ತ್ರವು ಅಂತ್ಯರ ಮೇಲೆ ಇಳಿಸಿದ್ದ ಹೊರೆಯನ್ನು ಅಕ್ಕಿ ಆಯುವ ಹೆಣ್ಣೊಬ್ಬಳು ಎತ್ತಿ ಮೇಲಕ್ಕೆ ಕಳುಹಿಸಿದಂತಾಯಿತು.

ದಾರಿಯಲ್ಲಿ ಬಿದ್ದ ಹೊನ್ನನ್ನೂ ವಸ್ತ್ರವನ್ನೂ ಕೈಯಿಂದ ಎತ್ತೆನೆಂಬ ಸತ್ಯಕ್ಕನ ಪ್ರತಿಜ್ಞೆ ಇದರ ಜೊತೆಯಲ್ಲಿ ನಿಲ್ಲತಕ್ಕದ್ದು. ಆದರೆ ಅದು ಕೈಯ ವ್ರತ. ಲಕ್ಕಮ್ಮನದು ಅಳತೆಯ ವಿಚಾರ. ಎರಡನೆಯದು ಹೆಚ್ಚು ದೂರ ಹೋಗುತ್ತದೆಂದು ನಮ್ಮ ಅಭಿಪ್ರಾಯ.

ಇಲ್ಲಿ ಒಂದು ಆಕ್ಷೇಪ ಬರಬಹುದು. ದಾಸೋಹ ನಡೆಯಬೇಕಾದರೆ ಕೊಡುವವನಲ್ಲಿ ಇರಬೇಕಷ್ಟೆ. ಮಿಗುವುದೇ ಬೇಡವೆಂದರೆ ಕೊಡುವುದೆಲ್ಲಿಂದ? ಆಕ್ಷೇಪ ಸಾಧುವಾದದ್ದು; ಬಸವಣ್ಣನ ಮಹಾಮನೆಯ ವಿಷಯದಲ್ಲಿಯೂ ಇದನ್ನು ಕೇಳಬಹುದು. ಇದಕ್ಕೆ ಕಲಬುರಗಿಯ ಶರಣಬಸವೇಶ್ವರರ (1746–1822) ಕಥೆ ಒಂದು ಬಗೆಯ ಉತ್ತರವನ್ನು ಕೊಡುತ್ತದೆ. ಅರಳಗುಂಡಗಿಯಲ್ಲಿ ಒಕ್ಕಲುತನ ಮಾಡುತ್ತಿದ್ದಾಗ ಅವರು ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ, ತಿಂದ ಮೇಲೆ ಕುಡಿಯಲೆಂದು ನೀರನ್ನೂ ಇಟ್ಟರೆಂದು ಜನ ಇಂದಿಗೂ ಹೇಳುತ್ತಾರೆ. ಪವಾಡದ ಅಂಶವನ್ನು ಬಿಟ್ಟು ನೋಡಿದರೆ ಕಥೆಯ ನ್ಯಾಯ ಇಷ್ಟು: ಬೆಳೆದವನು ಕವಣೆ ಹಿಡಿದು ನಿಂತರೆ ತಾನೆ ಹಕ್ಕಿ ಕಳ್ಳನಾಗುವುದು. ಮಿಗಿಲಿನ ಮೇಲೆ ಕಾವಲು ಕೂಡದವನಿಗೆ ಮಿಗಿಲು ದೋಷವಲ್ಲ.

ಹಾಗಾದರೆ ಪರರಲ್ಲಿರುವುದನ್ನು ಕಂಡು ತನಗೂ ಬೇಕೆನ್ನುವುದೆಲ್ಲ ನಿರ್ದೋಷವೇ? ಅಲ್ಲ. ಬಂದೇನವಾಜರ ದರ್ಗಾ ಇರುವ ಈ ನಗರದಲ್ಲಿ ಉರ್ದೂ ಆಡುವವರು ಹಸದ್ ಎಂದೂ ರಶ್ಕ್ ಎಂದೂ ಎರಡು ಮಾತುಗಳನ್ನು ಬಳಸುತ್ತಾರೆ. ಅವನದು ಅಳಿಯಲಿ ಎಂಬುದು ಹಸದ್. ಅವನಿಗಿದ್ದಂತೆ ನನಗೂ ಇರಲಿ ಎಂಬುದು ರಶ್ಕ್. ಇಮಾಮ್ ಗಜಾಲಿಯವರು ಅಸೂಯೆಯನ್ನು ಕುರಿತು ಬರೆಯುವಾಗ ಈ ಭೇದವನ್ನು ವಿಸ್ತಾರವಾಗಿ ಮಾಡಿದ್ದಾರೆ. ಗ್ರೀಕರ ಅರಿಸ್ಟಾಟಲನಲ್ಲಿಯೂ ಇದರ ಹೋಲಿಕೆಯುಂಟು. ಹತ್ತಿರದ ನಿದರ್ಶನ ಬೇಕಾದರೆ ಕಮಲಾಪುರದ ಕೆಂಪು ಬಾಳೆಯನ್ನು ತೆಗೆದುಕೊಳ್ಳಬಹುದು. ಆ ಹೆಸರಿಗೆ 1999ರ ಭೌಗೋಳಿಕ ಸೂಚಕಗಳ ಕಾಯಿದೆಯಂತೆ ರಕ್ಷಣೆ ದೊರೆತಿದೆ. ಕೆಂಪು ಬಾಳೆಯನ್ನು ತಮಿಳುನಾಡು, ಕೇರಳಗಳಲ್ಲಿಯೂ ಬೆಳೆಯುತ್ತಾರೆ. ಬೆಳೆಯಬಾರದೆಂದು ಯಾವ ಕಾನೂನೂ ಹೇಳದು. ಬೇರೆಡೆ ಬೆಳೆದದ್ದನ್ನು ಕಮಲಾಪುರದ್ದೆಂದು ಮಾರುವುದು ಮಾತ್ರ ನಿಷಿದ್ಧ. ಕಮಲಾಪುರದವನ ತೋಟವನ್ನು ನೋಡಿ ತಾನೂ ಸಸಿ ನೆಟ್ಟವನು ಒಳ್ಳೆಯ ಬೇಸಾಯಗಾರ. ನೆಡದೆ ಹೆಸರನ್ನಷ್ಟೇ ತೆಗೆದುಕೊಂಡವನು ಅಳುಪಿದವನು. ಕನ್ನಡದಲ್ಲಿ ರಶ್ಕ್ ಎಂಬುದಕ್ಕೆ ಬಳಕೆಯ ಮಾತೊಂದು ನಿಲ್ಲಲಿಲ್ಲ. ಮೇಲ್ಪಂಕ್ತಿ, ಸ್ಪರ್ಧೆ ಎಂಬವು ಹತ್ತಿರ ಬಂದು ನಿಲ್ಲುತ್ತವೆ, ಅಷ್ಟೆ. ಆ ಕೊರತೆಯಿಂದಾಗಿ ತನ್ನ ಪಾಲನ್ನು ಕೇಳುವವನೂ ಹೊಟ್ಟೆಕಿಚ್ಚಿನವರ ಸಾಲಿಗೆ ಸೇರಿಬಿಡುತ್ತಾನೆ.

ಇದು ನಿಘಂಟಿನ ತೊಡಕು ಮಾತ್ರವಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿಯು ರಾಜ್ಯದ ಅತ್ಯಂತ ಹಿಂದುಳಿದವೆಂದು ಹೆಸರಿಸಿದ 39 ತಾಲ್ಲೂಕುಗಳಲ್ಲಿ 21 ಅಂದಿನ ಗುಲ್ಬರ್ಗ ವಿಭಾಗದವು. 2012ರಲ್ಲಿ ಸಂಸತ್ತು 371ಜೆ ವಿಧಿಯನ್ನು ಅಂಗೀಕರಿಸುವವರೆಗೂ, ಆಮೇಲೂ, ಈ ಭಾಗದ ಬೇಡಿಕೆಯನ್ನು ದಕ್ಷಿಣದವರ ಮೇಲಿನ ಕರುಬೆಂದು ತಳ್ಳಿಹಾಕುವವರು ಉಂಟು. ಅಂಥವರು ಪ್ರಾಯಶ್ಚಿತ್ತಾಧ್ಯಾಯವನ್ನು ಓದಿರಲಾರರು. ಅದರ ತರ್ಕವನ್ನು ಮಾತ್ರ ಚೆನ್ನಾಗಿ ಬಲ್ಲರು.

ಮನೆಯೊಳಗಿನ ಮಾತು ಇದಕ್ಕಿಂತ ಕಠಿಣವಾದದ್ದು. ಮಿತಾಕ್ಷರೆ ಮಗನಿಗೆ ಕೊಟ್ಟ ಜನ್ಮಸ್ವತ್ವವು ಮಗಳಿಗೆ ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂದಿತು. ಅದಕ್ಕೆ ಹಿಂದಿನ ದಿನ ತವರಿನ ಹೊಲದಲ್ಲಿ ಪಾಲು ಬೇಕೆಂದವಳು ಅಣ್ಣತಮ್ಮಂದಿರ ಆಸ್ತಿಗೆ ಕಣ್ಣು ಹಾಕಿದವಳು. ಮರುದಿನ ಹಾಗೆಂದವಳು ತನ್ನದನ್ನೇ ಕೇಳಿದವಳು. ಬಯಕೆಯಲ್ಲಿ ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಸ್ವತ್ವ ಲೌಕಿಕವೆಂದು ವಿಜ್ಞಾನೇಶ್ವರನು ಹೇಳಿದ್ದು ಎಷ್ಟು ನಿಜವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ. ಸ್ವತ್ವ ಲೌಕಿಕವಾದರೆ, ಅದನ್ನು ಮೀರುವ ಅಳುಪೂ ಅಷ್ಟೇ ಲೌಕಿಕವೆಂದು ಅವನು ಮುಂದುವರಿದು ಹೇಳಬೇಕಾಗಿತ್ತು. ಕಾನೂನು ಬಂದ ಮೇಲೂ ಉಪನೋಂದಣಿ ಕಚೇರಿಗಳಲ್ಲಿ ಅಕ್ಕತಂಗಿಯರು ಹಕ್ಕು ಬಿಡುಗಡೆಯ ಪತ್ರಕ್ಕೆ ರುಜು ಮಾಡುತ್ತಲೇ ಇದ್ದಾರೆ. ಅವರಲ್ಲಿ ಕೆಲವರು ಪ್ರೀತಿಯಿಂದ ಬಿಟ್ಟುಕೊಡುತ್ತಾರೆ, ನಿಜ. ಉಳಿದವರು ಹೆದರುವುದು ಕಣ್ಣು ಹಾಕಿದಳೆಂಬ ಆ ಒಂದು ಮಾತಿಗೆ. ತವರಿನ ಬಾಗಿಲು ಅದರಿಂದ ಮುಚ್ಚುತ್ತದೆಂದು ಅವರಿಗೆ ಗೊತ್ತು.