ಲಸಿಕೆಯ ಹೆಸರು, ಬಡವನ ಪ್ರಯಾಣ

2021ರಲ್ಲಿ ನವಲಗುಂದ, ಕುಂದಗೋಳದ ಹಳ್ಳಿಗಳಲ್ಲಿ ಲಸಿಕೆಗೆ ಸರತಿ ನಿಂತವರಿಗೆ ಆಯ್ಕೆ ಎಲ್ಲಿತ್ತು? ಅಂದು ಬಂದದ್ದನ್ನೇ ಹಾಕಿಸಿಕೊಂಡರು. ಹೆಸರಿನ ಬೆಲೆ ತಿಳಿಯುವುದು ಪರದೇಶಕ್ಕೆ ಹೊರಟಾಗ.

ಕೋವ್ಯಾಕ್ಸಿನ್‌ಗೆ ನಮ್ಮ ಸರ್ಕಾರ ಅನುಮತಿ ಕೊಟ್ಟದ್ದು ಜನವರಿ 3ರಂದು, ಮೂರನೇ ಹಂತದ ಪರೀಕ್ಷೆಯ ಫಲಿತಾಂಶಕ್ಕೂ ಮೊದಲೇ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಪ್ಪಿದ್ದು ನವೆಂಬರ್ 3ರಂದು. ಆ ಹತ್ತು ತಿಂಗಳು ಅದನ್ನು ಪಡೆದವರು ಹಲವು ದೇಶಗಳ ಲೆಕ್ಕದಲ್ಲಿ ಲಸಿಕೆ ಪಡೆಯದವರೇ.

ಬ್ರಿಟನ್ನಿನ ನಡೆ ಇನ್ನೂ ವಿಚಿತ್ರ. ಪುಣೆಯ ಲಸಿಕೆಯನ್ನು ತನ್ನ ಜನರಿಗೆ ತರಿಸಿಕೊಂಡ ದೇಶ, ಸೆಪ್ಟೆಂಬರ್‌ನಲ್ಲಿ ಕೋವಿಶೀಲ್ಡನ್ನು ಒಪ್ಪಿಯೂ ನಮ್ಮ ಪ್ರಮಾಣಪತ್ರವನ್ನು ಅನುಮಾನಿಸಿತು. ಕ್ವಾರಂಟೈನ್ ಸಡಿಲವಾದದ್ದು ಅಕ್ಟೋಬರ್ 11ಕ್ಕೆ.

ಒಬ್ಬರದು ಅವಸರ, ಇನ್ನೊಬ್ಬರದು ದರ್ಪ. ದಂಡ ತೆತ್ತವನು ದುಡಿಯಲು ಹೊರಟವನು. ಯಾವ ಲಸಿಕೆ ಎಲ್ಲಿ ನಡೆಯುತ್ತದೆಂದು ಸೂಜಿ ಚುಚ್ಚುವ ಮೊದಲೇ ಅವನಿಗೆ ಹೇಳುವುದು ಸರ್ಕಾರದ ಹೊಣೆಯಾಗಿರಲಿಲ್ಲವೆ?