ಎಣಿಕೆಗೆ ಸಿಗದ ಒಂದು ಪ್ರಬಂಧ

ನಮ್ಮ ಸಂಘಸಂಸ್ಥೆಗಳಲ್ಲಿ ದುಡಿದವರಿಗೆ ಸನ್ಮಾನ ಪತ್ರ ಬರೆಯುವ ಕೆಲಸ ಎಂದಾದರೊಮ್ಮೆ ಮೈಮೇಲೆ ಬೀಳದೆ ಇರುವುದಿಲ್ಲ. ಸನ್ಮಾನ ಸ್ವೀಕರಿಸುವವರು ವಿಜ್ಞಾನಿಯಾದರೆ ನಮ್ಮ ಬಳಿ ಒಂದು ವಾಕ್ಯ ಸಿದ್ಧವಾಗಿಯೇ ಇರುತ್ತದೆ: 'ದೇಶವಿದೇಶಗಳ ಪತ್ರಿಕೆಗಳಲ್ಲಿ ಇಷ್ಟು ಪ್ರಬಂಧಗಳನ್ನು ಪ್ರಕಟಿಸಿ ನಾಡಿಗೆ ಕೀರ್ತಿ ತಂದವರು.' ಆ 'ಇಷ್ಟು' ಎಂಬಲ್ಲಿ ಒಂದು ಸಂಖ್ಯೆ ತುಂಬಿದರೆ ಕೆಲಸ ಮುಗಿಯಿತು. ಈಚೆಗೆ ಇನ್ನೂ ಎರಡು ಸಂಖ್ಯೆಗಳು ಬಂದು ಸೇರಿಕೊಂಡಿವೆ: ಉಲ್ಲೇಖಗಳೆಷ್ಟು, ಎಚ್-ಇಂಡೆಕ್ಸ್ ಎಷ್ಟು. ಆ ಪ್ರಬಂಧಗಳಲ್ಲಿ ಒಂದನ್ನಾದರೂ ತೆರೆದು ನೋಡಿದವರು ಸಮಿತಿಯಲ್ಲಿ ಇರುವುದಿಲ್ಲ. ನಾವೂ ನೋಡಿದವರಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇವೆ.

ಈ ಲೆಕ್ಕದ ಹುಟ್ಟು ಕೆಟ್ಟ ಉದ್ದೇಶದ್ದಲ್ಲ. ಅಮೆರಿಕದ ಯೂಜಿನ್ ಗಾರ್‌ಫೀಲ್ಡ್ ಎಂಬವರು 1960ರ ದಶಕದಲ್ಲಿ ಒಂದು ದೊಡ್ಡ ಸೂಚಿಯನ್ನು ಹೊರತಂದರು. ಯಾವ ಪ್ರಬಂಧವನ್ನು ಮುಂದೆ ಯಾರು ಯಾರು ನೆನೆದಿದ್ದಾರೆ ಎಂದು ಅದರಲ್ಲಿ ಹುಡುಕಿ ತಿಳಿಯಬಹುದಾಗಿತ್ತು. ಒಂದು ವಿಚಾರದ ಎಳೆ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಹಿಡಿಯಲು ಅದು ಅನುಕೂಲವಾಯಿತು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಎಚ್-ಇಂಡೆಕ್ಸ್ ಸೂಚಿಸಿದರು. ಒಬ್ಬರ ಹತ್ತು ಪ್ರಬಂಧಗಳು ತಲಾ ಹತ್ತು ಸಲವಾದರೂ ಉಲ್ಲೇಖಗೊಂಡಿದ್ದರೆ ಅವರ ಅಂಕ ಹತ್ತು. ಹುಡುಕುವುದಕ್ಕೆಂದು ಮಾಡಿದ ಸಾಧನ ಹೀಗೆ ತೂಗುವ ತಕ್ಕಡಿಯಾಯಿತು. 2010ರಿಂದ ನಮ್ಮ ಯುಜಿಸಿಯೂ ಅಧ್ಯಾಪಕರ ಪ್ರಬಂಧಗಳಿಗೆ ಅಂಕ ಕೊಡಲು ಹೊರಟಿತು. ಮಾಟುಂಗದ ಹೋಟೆಲಿನ ಗಲ್ಲಾ ಎಣಿಸಿ ಸಾರಿನ ರುಚಿ ಹೇಳುವ ಹಾಗೆ! ಗಲ್ಲಾ ತುಂಬಿದ್ದರೆ ಸಾರು ಚೆನ್ನಾಗಿರಬಹುದು ಎಂಬುದು ನಿಜವೇ. ಆದರೆ ಕುಡಿದು ನೋಡುವುದಕ್ಕೆ ಅದು ಬದಲಿಯಲ್ಲ.

ಈ ಮಾತಿಗೆ ಸಾಕ್ಷಿ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಪರೇಲ್ ಸಾಕು. ಊರಿನಿಂದ ಬಂದ ಬಂಧುವನ್ನು ಕರೆದುಕೊಂಡು ಕೆಇಎಂ ಆಸ್ಪತ್ರೆಗೋ ಟಾಟಾ ಆಸ್ಪತ್ರೆಗೋ ಹೋಗಿ ಬೆಳಗಿನ ಸಾಲಿನಲ್ಲಿ ನಿಲ್ಲದ ಕನ್ನಡ ಮನೆ ಈ ನಗರದಲ್ಲಿ ವಿರಳ. ನಾವು ಕೇಸ್ ಪೇಪರ್ ಹಿಡಿದು ಕಾಯುವ ಆ ಒಂದೆರಡು ಮೈಲಿಯ ಸುತ್ತಿನಲ್ಲೇ ಲೋಕದ ವೈದ್ಯಗ್ರಂಥಗಳಿಗೆ ಸೇರಿದ ಕೆಲಸ ನಡೆದಿದೆ.

1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಹೊಸ ರಕ್ತದ ಗುಂಪನ್ನು ವರ್ಣಿಸಿದರು. ಎಲ್ಲರಿಗೂ ಹೊಂದುವುದೆಂದು ನಾವು ನಂಬಿರುವ ಓ ಗುಂಪಿನ ರಕ್ತವೂ ಈ ಜನರಿಗೆ ಹೊಂದದು; ತಮ್ಮಂಥವರ ರಕ್ತವೇ ಬೇಕು. ಅದಕ್ಕೆ ನಿಂತ ಹೆಸರು 'ಬಾಂಬೆ ಬ್ಲಡ್ ಗ್ರೂಪ್'. ಇಂಥವರು ಕರ್ನಾಟಕದಲ್ಲಿಯೂ ಇದ್ದಾರೆ. ಈಗ ಬ್ಲಡ್ ಬ್ಯಾಂಕಿನಲ್ಲಿ ದಿನವೂ ಆ ಹೆಸರು ಹೇಳುವವರಿಗೆ ಭೇಂಡೆಯವರ ಪ್ರಬಂಧದ ನೆನಪು ಬೇಕಾಗಿಯೇ ಇಲ್ಲ. ಒಂದು ಸಂಶೋಧನೆ ಎಲ್ಲರ ಬಾಯಿಮಾತಾದಾಗ ಅದನ್ನು ಮಾಡಿದವರ ಹೆಸರು ಅಡಿಟಿಪ್ಪಣಿಯಿಂದಲೂ ಜಾರಿಹೋಗುತ್ತದೆ. ಉಲ್ಲೇಖದ ಎಣಿಕೆ ಸೋಲುವ ಒಂದು ಬಗೆ ಇದು. ಆದರೆ ನಾವು ಹೇಳಹೊರಟದ್ದು ಇದಕ್ಕಿಂತ ವಿಚಿತ್ರವಾದ ಇನ್ನೊಂದು ಬಗೆಯನ್ನು.

1986ರ ಆಗಸ್ಟ್ 6ರಂದು ಕೆಇಎಂ ಆಸ್ಪತ್ರೆಯಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ದೇಶದ ಮೊದಲ ಪ್ರನಾಳ ಶಿಶು ಎಂದು ಪತ್ರಿಕೆಗಳು ಕೊಂಡಾಡಿದವು. ಪ್ರಸೂತಿ ತಜ್ಞೆ ಡಾ. ಇಂದಿರಾ ಹಿಂದೂಜಾ ಅವರೊಡನೆ ಈ ಕೆಲಸದಲ್ಲಿ ಕೈಜೋಡಿಸಿದ್ದು ಪರೇಲಿನಲ್ಲಿಯೇ ಇರುವ ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆ. ಅದರ ನಿರ್ದೇಶಕರಾಗಿದ್ದವರು ಡಾ. ಟಿ. ಸಿ. ಆನಂದಕುಮಾರ್. ಅದಕ್ಕೆ ಮೊದಲು ದಿಲ್ಲಿಯ ಏಮ್ಸ್‌ನಲ್ಲಿದ್ದು, ಹಾರ್ಮೋನನ್ನು ಮೂಗಿನ ಮೂಲಕ ಕೊಟ್ಟರೆ ಏನಾಗುತ್ತದೆ ಎಂಬ ಬಗ್ಗೆ ಕೋತಿಗಳ ಮೇಲೆ ಪ್ರಯೋಗ ನಡೆಸಿದ್ದವರು. ನಿವೃತ್ತಿಯ ಬಳಿಕ ಬೆಂಗಳೂರಿನಲ್ಲಿ ನೆಲೆಸಿ ಬಂಜೆತನದ ಚಿಕಿತ್ಸೆಯಲ್ಲಿ ತೊಡಗಿದವರು. ಪರೇಲಿನ ಕೆಲಸದ ವಿವರವನ್ನು ತಂಡವು 1988ರಲ್ಲಿ ಈ ವಿಷಯಕ್ಕೇ ಮೀಸಲಾದ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಕ್ರಮಬದ್ಧವಾಗಿ ಪ್ರಕಟಿಸಿತು. ಸನ್ಮಾನ ಪತ್ರಕ್ಕೆ ಬೇಕಾದುದೆಲ್ಲ ಇಲ್ಲಿದೆ: 'ಮೊದಲ' ಎಂಬ ವಿಶೇಷಣ, ವಿದೇಶಿ ಪತ್ರಿಕೆ, ಹುದ್ದೆ.

ಆದರೆ ಕಲ್ಕತ್ತೆಯಲ್ಲಿ ಅದಕ್ಕೂ ಎಂಟು ವರ್ಷ ಮುಂಚೆಯೇ ಒಂದು ಮಗು ಹುಟ್ಟಿತ್ತು. ಇಂಗ್ಲೆಂಡಿನಲ್ಲಿ ಲೋಕದ ಮೊದಲ ಪ್ರನಾಳ ಶಿಶು ಹುಟ್ಟಿದ್ದು 1978ರ ಜುಲೈ 25ರಂದು. ಅದಾಗಿ 70 ದಿನಕ್ಕೆ, ಅಂದರೆ ಅಕ್ಟೋಬರ್ 3ಕ್ಕೆ, ಡಾ. ಸುಭಾಷ್ ಮುಖೋಪಾಧ್ಯಾಯ ಮತ್ತು ಅವರ ಇಬ್ಬರು ಸಹೋದ್ಯೋಗಿಗಳ ಶ್ರಮ ಕಲ್ಕತ್ತೆಯಲ್ಲಿ ಫಲಿಸಿತು. ಇಂಗ್ಲೆಂಡಿನ ಸ್ಟೆಪ್ಟೊ ಮತ್ತು ಎಡ್ವರ್ಡ್ಸ್ ತಮ್ಮ ಸುದ್ದಿಯನ್ನು ಅದೇ ಆಗಸ್ಟಿನಲ್ಲಿ 'ಲ್ಯಾನ್ಸೆಟ್'ಗೆ ಬರೆದ ಒಂದು ಚಿಕ್ಕ ಪತ್ರದಲ್ಲಿ ತಿಳಿಸಿದರು, ಅಷ್ಟೇ ಸಾಕಾಯಿತು. ಮುಖೋಪಾಧ್ಯಾಯರ ಕೆಲಸ ಅಚ್ಚಾದದ್ದು ಶೈತ್ಯ ವಿಜ್ಞಾನಕ್ಕೆ ಮೀಸಲಾದ 'ಇಂಡಿಯನ್ ಜರ್ನಲ್ ಆಫ್ ಕ್ರಯೋಜೆನಿಕ್ಸ್'ನಲ್ಲಿ. ಯಾವ ಪ್ರಸೂತಿ ತಜ್ಞರು ಅದನ್ನು ತಿರುವಿ ನೋಡಿಯಾರು? ಭ್ರೂಣವನ್ನು ಹೆಪ್ಪುಗಟ್ಟಿಸಿ ಇಟ್ಟಿದ್ದರಿಂದ ಅದು ಅಲ್ಲಿಗೆ ಹೋಯಿತು. ರಾಜ್ಯ ಸರಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. ಜಪಾನಿನ ಸಮ್ಮೇಳನಕ್ಕೆ ಹೋಗಲು ಅನುಮತಿ ಸಿಗಲಿಲ್ಲ. ಕೊನೆಗೆ ಅವರನ್ನು ಕಣ್ಣಿನ ಸಂಸ್ಥೆಯೊಂದಕ್ಕೆ ವರ್ಗ ಮಾಡಿದರು. 1981ರಲ್ಲಿ ಅವರು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ತಪನ್ ಸಿನ್ಹಾರ 'ಏಕ್ ಡಾಕ್ಟರ್ ಕೀ ಮೌತ್' ಚಿತ್ರವನ್ನು ನೋಡಿದವರಿಗೆ ಈ ಕಥೆಯ ನೆರಳು ಪರಿಚಿತ.

1997ರಲ್ಲಿ ಆನಂದಕುಮಾರ್ ಕಲ್ಕತ್ತೆಗೆ ಹೋದಾಗ ಮುಖೋಪಾಧ್ಯಾಯರ ಕೈಬರಹದ ಕಾಗದಗಳು ಅವರ ಕೈಸೇರಿದವು. ಅವರು ಅವನ್ನು ಓದಿದರು. ನಮ್ಮ ಮಟ್ಟಿಗೆ ಇಡೀ ಪ್ರಸಂಗದ ತಿರುಳು ಈ 'ಓದಿದರು' ಎಂಬ ಒಂದು ಮಾತಿನಲ್ಲಿದೆ. ಅಂಡಗಳು ಹೆಚ್ಚು ಬರುವಂತೆ ಹಾರ್ಮೋನು ಕೊಟ್ಟದ್ದು, ಭ್ರೂಣವನ್ನು 53 ದಿನ ಹೆಪ್ಪುಗಟ್ಟಿಸಿ ಕಾಪಾಡಿದ್ದು, ತಾಯಿಯ ಮೈ ಸಹಜ ಸ್ಥಿತಿಗೆ ಬಂದ ಮೇಲೆ ಮುಂದಿನದೊಂದು ಋತುಚಕ್ರದಲ್ಲಿ ಗರ್ಭದಲ್ಲಿಟ್ಟದ್ದು – ಇವು ಸುಳ್ಳುಗಾರ ಕಟ್ಟಿಹೇಳುವ ಸಂಗತಿಗಳಲ್ಲ, ಕೆಲಸ ಬಲ್ಲವನಿಗೆ ಮಾತ್ರ ಹೊಳೆಯುವಂಥವು. ಹೆಪ್ಪುಗಟ್ಟಿಸಿದ ಭ್ರೂಣದಿಂದ ಆಸ್ಟ್ರೇಲಿಯದಲ್ಲಿ ಮಗು ಹುಟ್ಟಿದ್ದು 1984ರಲ್ಲಿ.

ಅದೇ ವರ್ಷ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಆನಂದಕುಮಾರ್ ಬರೆದರು: ಭಾರತದ ಮೊದಲ ಪ್ರನಾಳ ಶಿಶುವಿನ ಶಿಲ್ಪಿ ಮುಖೋಪಾಧ್ಯಾಯ. ಹಾಗೆಂದರೆ ಆ ಶಿಲ್ಪಿ ತಾನಲ್ಲ, ತನ್ನ ತಂಡವಲ್ಲ ಎಂದ ಹಾಗಾಯಿತು. ತಮ್ಮ ಪಟ್ಟಿಗೆ ಒಂದು ಪ್ರಬಂಧ ಸೇರಿಸಿ, ಆ ಪಟ್ಟಿಯ ಅತಿ ದೊಡ್ಡ ವಿಶೇಷಣವನ್ನು ತಾವೇ ಹೊಡೆದುಹಾಕಿದರು. ಎಣಿಕೆಯ ಪುಸ್ತಕದಲ್ಲಿ ಇದೂ 'ಒಂದು'. ಸಾಧಾರಣ ವರದಿಯೊಂದಕ್ಕೆ ಎಷ್ಟು ಅಂಕವೋ ಇದಕ್ಕೂ ಅಷ್ಟೇ. ಹೊಸ ಪ್ರಯೋಗದ ಫಲಿತಾಂಶ ಇಲ್ಲವೆಂದು ಇನ್ನೂ ಕಡಿಮೆಯೇ ಬಂದೀತು.

ಆಕ್ಷೇಪಗಳೂ ಇವೆ. ಹತ್ತೊಂಬತ್ತು ವರ್ಷಗಳ ಮೇಲೆ ಕೈಬರಹದ ಟಿಪ್ಪಣಿಗಳನ್ನು ಓದಿ ಕೊಟ್ಟ ತೀರ್ಪು, ಆ ಕಾಲದಲ್ಲೇ ಬಲ್ಲವರು ಪರೀಕ್ಷಿಸಿ ಒಪ್ಪಿದ ವರದಿಗೆ ಸಮನಲ್ಲ. 1986ರದ್ದು 'ವೈಜ್ಞಾನಿಕವಾಗಿ ದಾಖಲಾದ ಮೊದಲ' ಶಿಶು ಎಂದು ಅಳೆದು ತೂಗಿ ಹೇಳುವವರು ಇದ್ದಾರೆ. ಅದು ಹಟದ ಮಾತಲ್ಲ. ಮಾಡಿದ್ದನ್ನು ಇನ್ನೊಬ್ಬರು ಮಾಡಿ ನೋಡುವಂತೆ ಬರೆದಿಡುವುದು ವಿಜ್ಞಾನದ ಅರ್ಧ ಕೆಲಸ. ಹಿಂದೂಜಾ ಮತ್ತು ಆನಂದಕುಮಾರ್ ಅದನ್ನು ಮಾಡಿದರು, ಅದರ ಫಲವನ್ನು ಎಷ್ಟೋ ಮನೆಗಳು ಉಂಡಿವೆ. ಮುಖೋಪಾಧ್ಯಾಯರಿಗೆ ಬರೆಯುವ ಅವಕಾಶವನ್ನೇ ಕಸಿದುಕೊಂಡು, ಬರೆದಿಲ್ಲವಲ್ಲ ಎಂದು ದೂರಿದ್ದು ಮಾತ್ರ ಅನ್ಯಾಯ. ನಮ್ಮ ಓದುಗರಲ್ಲಿ ಕಚೇರಿ ಕೆಲಸದವರೇ ಹೆಚ್ಚು. ರಜೆ ಕೊಡದೆ, ಮೇಲೆ 'ಯಾಕೆ ಹೋಗಲಿಲ್ಲ' ಎಂದು ಕೇಳುವ ಮೇಲಧಿಕಾರಿಯನ್ನು ನಾವೆಲ್ಲ ಕಂಡವರೇ.

ಆನಂದಕುಮಾರರ ಪ್ರಬಂಧದ ಪರಿಣಾಮ ಎಣಿಕೆಯ ಹೊರಗೇ ನಡೆಯಿತು. 2005ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ಈ ಚಿಕಿತ್ಸೆಯ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಕಲ್ಕತ್ತೆಯ ಆ ಜನನದ ಪ್ರಸ್ತಾಪ, ಮುಖೋಪಾಧ್ಯಾಯರ ಹೆಸರಿನೊಡನೆ, ಬಂತು. ಎಡ್ವರ್ಡ್ಸ್ ಅವರಿಗೆ 2010ರಲ್ಲಿ ನೊಬೆಲ್ ಬಂದಾಗ ನಮ್ಮ ದೇಶದ ಪತ್ರಿಕೆಗಳು ಕಲ್ಕತ್ತೆಯ ವೈದ್ಯರನ್ನೂ ನೆನೆದವು.

ನಮ್ಮ ಸನ್ಮಾನ ಸಮಿತಿಗಳಿಗೆ ಒಂದು ಸಣ್ಣ ಸೂಚನೆ ಮಾಡುತ್ತೇವೆ. ವಿಜ್ಞಾನಿಗಳ ಹೆಸರು ಬಂದಾಗ ಪಟ್ಟಿಯ ಜತೆಗೆ ಅವರೇ ಆರಿಸಿದ ಒಂದೇ ಒಂದು ಪ್ರಬಂಧವನ್ನು, ಅದರ ವಿಷಯ ತಿಳಿಸುವ ಒಂದು ಪುಟ ಕನ್ನಡದೊಂದಿಗೆ, ತರಿಸಿಕೊಳ್ಳಬೇಕು. ಸದಸ್ಯರಲ್ಲಿ ಇಬ್ಬರಾದರೂ ಅದನ್ನು ಓದಿ ಬರಬೇಕು. ಅರ್ಥವಾಗದ ಕಡೆ ಪೆನ್ಸಿಲಿನಿಂದ ಗುರುತು ಹಾಕಿ ಅವರನ್ನೇ ಕೇಳಬಹುದು. ಹಾರ ತುರಾಯಿಗಳ ನಡುವೆ ಅಂಥ ಒಂದು ಪ್ರಶ್ನೆ ಕೇಳಿದರೆ ಅವರಿಗೆ ಸಂತೋಷವೇ ಆದೀತು.