ಬೌಲರನ ಕೈ, ತಂಡದ ಲೆಕ್ಕ

ಹೊಸಪೇಟೆಯಲ್ಲಿ ನಡೆದ ಒಂದು ಟೆನಿಸ್ ಬಾಲ್ ಟೂರ್ನಿಯಲ್ಲಿ ಕಂಪ್ಲಿ ಕಡೆಯ ಹುಡುಗನೊಬ್ಬನ ಬೌಲಿಂಗ್ ನೋಡಿದೆ. ಬೆಳಗಿನ ಪಂದ್ಯದಲ್ಲಿ ಅವನ ಯಾರ್ಕರ್ ಬ್ಯಾಟ್ಸ್‌ಮನ್‌ನ ಬೂಟಿನ ತುದಿಗೇ ಬೀಳುತ್ತಿತ್ತು. ಮಧ್ಯಾಹ್ನದ ಪಂದ್ಯದಲ್ಲಿ ಅದೇ ಚೆಂಡು ಒಂದು ಮೊಳ ಹಿಂದೆ ಬಿತ್ತು. ಸಂಜೆ, ಮೂರನೆಯ ಪಂದ್ಯಕ್ಕೆ, ಅದು ಸೊಂಟದೆತ್ತರದ ಫುಲ್‌ಟಾಸ್ ಆಗಿತ್ತು. ಒಂದೇ ಓವರಿನಲ್ಲಿ ಮೂರು ಸಿಕ್ಸರ್. ಹಿಂದಿನ ದಿನ ಸಂಡೂರಿನಲ್ಲಿ ಬೇರೆ ತಂಡದ ಪರ ಆಡಿ ಬಂದವನು ಅವನು. ಎಡಗೈಯಿಂದ ಬಲಭುಜ ಹಿಡಿದುಕೊಂಡು, "ಕೈ ಎತ್ತಾಕ ಬರವಲ್ದಣ್ಣ" ಎಂದ. ನಾಯಕ ಬೆನ್ನು ತಟ್ಟಿ ಇನ್ನೊಂದು ಓವರ್ ಹಾಕಿಸಿದ. ಸೋತ ಮೇಲೆ ಅದೇ ತಂಡದವರು ಆಡಿದ ಮಾತು: "ಇವನದು ಮುಗೀತು."

ಬೌಲರ್ ಒಬ್ಬ ಸೊರಗಿದಾಗ ನಾವು ಕೊಡುವ ಈ ತೀರ್ಪನ್ನೇ ಇಲ್ಲಿ ಪರೀಕ್ಷಿಸಬೇಕೆನಿಸಿದೆ. ಹಳ್ಳಿಯ ತಂಡದಲ್ಲಿ ನಡೆದದ್ದೇ ರಾಜ್ಯದ ತಂಡದಲ್ಲೂ ದೊಡ್ಡ ಪ್ರಮಾಣದಲ್ಲಿ ನಡೆದಿದೆ.

ದಾವಣಗೆರೆಯ ಆರ್. ವಿನಯ್ ಕುಮಾರ್ ಅವರನ್ನೇ ನೋಡಿ. 2013ರ ನವೆಂಬರ್ 2ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧ ರೋಹಿತ್ ಶರ್ಮಾ 209 ರನ್ ಹೊಡೆದರು. ಅದೇ ಪಂದ್ಯದಲ್ಲಿ ವಿನಯ್ 9 ಓವರಿಗೆ 102 ರನ್ ಕೊಟ್ಟರು. ಮತ್ತೆ ಅವರು ಭಾರತದ ಪರ ಆಡಲಿಲ್ಲ. ಅವರದು ಮುಗೀತು ಎಂದವರು ಆಗ ಊರೂರಲ್ಲಿದ್ದರು. ಆದರೆ ಮೂರೇ ತಿಂಗಳಲ್ಲಿ ಅದೇ ವಿನಯ್ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿದ ಕರ್ನಾಟಕ ತಂಡದ ನಾಯಕರಾಗಿ ರಣಜಿ ಟ್ರೋಫಿ ಎತ್ತಿದರು. ಹದಿನೈದು ವರ್ಷ ಕಾದಿದ್ದ ಟ್ರೋಫಿ ಅದು. ಮರುವರ್ಷ ಸೆಮಿಫೈನಲ್‌ನಲ್ಲಿ 20 ರನ್ನಿಗೆ 6 ವಿಕೆಟ್ ಕಿತ್ತು ಮುಂಬೈಯನ್ನು 44 ರನ್ನಿಗೆ ಉರುಳಿಸಿದರು. ಫೈನಲ್‌ನಲ್ಲಿ ತಮಿಳುನಾಡಿನ ಮೊದಲ ಇನಿಂಗ್ಸ್ 134ಕ್ಕೆ ಮುಗಿದಾಗ ಅವರ ಪಾಲು 5 ವಿಕೆಟ್. ಮೇಲೆ ಒಂದು ಶತಕ. ಕರುಣ್ ನಾಯರ್ 328 ಹೊಡೆದ ಆ ಪಂದ್ಯವನ್ನು ಕರ್ನಾಟಕ ಇನಿಂಗ್ಸ್ ಮತ್ತು 217 ರನ್ನುಗಳಿಂದ ಗೆದ್ದಿತು.

ಹಾಗಾದರೆ 102 ರನ್ ಕೊಟ್ಟ ಕೈ ಯಾರದು, ಆರು ವಿಕೆಟ್ ಕಿತ್ತ ಕೈ ಯಾರದು? ಕೈ ಒಂದೇ, ಕೊಟ್ಟ ಕೆಲಸ ಬೇರೆ. ವಿನಯ್ ಅವರದು ಗಾಳಿ ಸೀಳುವ ವೇಗವಲ್ಲ. ಹೊಸ ಚೆಂಡನ್ನು ಒಂದೇ ಜಾಗಕ್ಕೆ ಹಾಕುತ್ತ, ಕೊನೆಗಳಿಗೆಯಲ್ಲಿ ಹೊರಳಿಸುವ ಹಟ. ಚಿಕ್ಕ ಬೌಂಡರಿ, ಸಪಾಟು ಪಿಚ್, ಕೊನೆಯ ಓವರುಗಳು ಅಂಥ ಬೌಲರನ್ನು ಬೆತ್ತಲು ಮಾಡುತ್ತವೆ. ನಾಲ್ಕು ದಿನದ ಆಟದ ಬೆಳಗಿನ ಹೊತ್ತು ಅವನನ್ನೇ ದೊರೆ ಮಾಡುತ್ತದೆ. ಪ್ರಥಮ ದರ್ಜೆಯಲ್ಲಿ 504 ವಿಕೆಟ್ ಕಿತ್ತವರನ್ನು ಒಂದು ರಾತ್ರಿಯ ಲೆಕ್ಕದಿಂದ ಅಳೆದದ್ದು ನಮ್ಮ ತಪ್ಪು.

ಇನ್ನೊಂದು ಮಾತು. ಆ ಎರಡು ವರ್ಷ ವಿನಯ್ ಒಬ್ಬರೇ ದುಡಿಯಲಿಲ್ಲ. ಅಭಿಮನ್ಯು ಮಿಥುನ್ ವೇಗದಿಂದ, ಎಡಗೈಯ ಎಸ್. ಅರವಿಂದ್ ಕೋನದಿಂದ ಕಾಡುತ್ತಿದ್ದರು. ಒಬ್ಬ ದಣಿದರೆ ಚೆಂಡು ಇನ್ನೊಬ್ಬನ ಕೈಗೆ ಹೋಗುತ್ತಿತ್ತು. ಆ ತಂಡದ ನಿಜವಾದ ಬಲ ಅದೇ ಎಂಬುದು ನನ್ನ ಅಭಿಪ್ರಾಯ. 2018ರಲ್ಲಿ ಅರವಿಂದ್ ನಿವೃತ್ತರಾದರು, 2019ರಲ್ಲಿ ವಿನಯ್ ಪುದುಚೇರಿಗೆ ಹೋದರು, 2021ರಲ್ಲಿ ಮಿಥುನ್ ಆಟ ಬಿಟ್ಟರು.

ಆ ಎರಡು ವರ್ಷಗಳ ನಂತರದ ಸೋಲುಗಳನ್ನೆಲ್ಲ ಬೌಲರುಗಳ ತಲೆಗೆ ಕಟ್ಟುವುದು ಅನ್ಯಾಯ. 2017ರ ಡಿಸೆಂಬರಿನಲ್ಲಿ ವಿದರ್ಭದ ವಿರುದ್ಧದ ಸೆಮಿಫೈನಲ್‌ನಲ್ಲಿ 198ರ ಗುರಿಗೆ 192ಕ್ಕೆ ಆಲೌಟಾಗಿ ಐದೇ ರನ್ನಿಂದ ಸೋತದ್ದು ಬ್ಯಾಟಿಂಗ್. ಆದರೆ 2023ರ ಸೆಮಿಫೈನಲ್ ಬೇರೆಯೇ ಕಥೆ ಹೇಳುತ್ತದೆ. ಮಯಂಕ್ ಅಗರ್ವಾಲ್ 249 ಹೊಡೆದು ತಂಡಕ್ಕೆ 407 ತಂದುಕೊಟ್ಟರು. ಉತ್ತರವಾಗಿ ಸೌರಾಷ್ಟ್ರ 527 ಪೇರಿಸಿತು. ಅರ್ಪಿತ್ ವಸವಡ 202, ಶೆಲ್ಡನ್ ಜಾಕ್ಸನ್ 160. ಅದೇ ಚಿನ್ನಸ್ವಾಮಿಯಲ್ಲಿ ಎಂಟು ವರ್ಷ ಹಿಂದೆ ಮುಂಬೈ 44ಕ್ಕೆ ಕುಸಿದಿತ್ತು. ವಸವಡ-ಜಾಕ್ಸನ್ ಜೋಡಿಯನ್ನು ಮುರಿಯಬಲ್ಲವರಾಗಿದ್ದ ವೇಗಿ ಪ್ರಸಿದ್ಧ ಕೃಷ್ಣ ಆಗ ಬೆನ್ನುಮೂಳೆಯ ಬಿರುಕಿನಿಂದ ಮನೆಯಲ್ಲಿದ್ದರು. ಒಳ್ಳೆಯ ಬೌಲರುಗಳು ನಮಗಿದ್ದರು. ಒಟ್ಟಿಗೆ ಎರಡು ಋತು ದುಡಿಯುವ ಮೂವರು ಇರಲಿಲ್ಲ.

ಈ ಲೆಕ್ಕವನ್ನು ನಮಗಿಂತ ಮೊದಲು ಕಲಿತದ್ದು ಅಮೆರಿಕದ ಬೇಸ್‌ಬಾಲ್. ಅಲ್ಲಿ ಚೆಂಡೆಸೆಯುವ ಪಿಚರನ ಒಂದೊಂದು ಎಸೆತವನ್ನೂ ಎಣಿಸುತ್ತಾರೆ. ನೂರರ ಆಸುಪಾಸಿಗೆ ಬಂದರೆ ಇಳಿಸಿ, ಬೇರೆಯವನನ್ನು ತರುತ್ತಾರೆ. ಮತ್ತೆ ಪಂದ್ಯ ಆರಂಭಿಸುವ ಸರದಿ ಬರುವ ಮುನ್ನ ಸಾಮಾನ್ಯವಾಗಿ ನಾಲ್ಕೈದು ದಿನ ವಿಶ್ರಾಂತಿ. ಅಲ್ಲಿನ ಮಕ್ಕಳ ಲೀಗ್ 2007ರಿಂದ ಎಸೆತಗಳಿಗೇ ಮಿತಿ ಹಾಕಿದೆ: 11-12 ವರ್ಷದವರಿಗೆ ದಿನಕ್ಕೆ 85. ಈ ಎಚ್ಚರ ಪುಕ್ಕಟೆಯಾಗಿ ಬರಲಿಲ್ಲ. 1974ರಲ್ಲಿ ಟಾಮಿ ಜಾನ್ ಎಂಬ ಪಿಚರನ ಮೊಣಕೈಯ ಹರಿದ ನಾರಿನ ಜಾಗಕ್ಕೆ ಡಾ. ಫ್ರಾಂಕ್ ಜೋಬ್ ಬೇರೆ ನಾರು ಹೊಲಿದರು. ಟಾಮಿ ಜಾನ್ ಒಂದು ಇಡೀ ಋತು ಹೊರಗೆ ಕೂತರು. ಮರಳಿ ಬಂದ ಮೇಲೆ 164 ಪಂದ್ಯ ಗೆದ್ದರು.

ಅಷ್ಟು ದೂರವೂ ಹೋಗಬೇಕಿಲ್ಲ. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಪಕ್ಕದಲ್ಲೇ, ವಿದ್ಯಾನಗರದಲ್ಲಿ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಇದೆ. 2019ರ ಮೇ ತಿಂಗಳಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಜಾವೆಲಿನ್ ಎಸೆತಗಾರ ನೀರಜ್ ಚೋಪ್ರಾ ಚೇತರಿಸಿಕೊಂಡದ್ದು ಅಲ್ಲಿ. ಆ ವರ್ಷದ ದೋಹಾ ವಿಶ್ವ ಚಾಂಪಿಯನ್‌ಷಿಪ್ ಕೈಬಿಟ್ಟರು. 2020ರ ಜನವರಿಯಲ್ಲಿ 87.86 ಮೀಟರ್ ಎಸೆದು ಒಲಿಂಪಿಕ್ಸ್‌ಗೆ ಅರ್ಹರಾದರು. ಮರುವರ್ಷ ಟೋಕಿಯೊದಲ್ಲಿ 87.58 ಮೀಟರ್ ಎಸೆದು ಚಿನ್ನ ತಂದರು. ದೊಡ್ಡದೊಂದು ಕೂಟ ಬಿಟ್ಟುಕೊಟ್ಟ ಕೈಯೇ ಚಿನ್ನ ತಂದಿತು. ನಮ್ಮ ಹುಡುಗರು ಬೌಲಿಂಗ್ ಮಾಡುವ ಬಯಲಿನಿಂದ ಆ ಜಾಗ ರೈಲಿನಲ್ಲಿ ಹೋದರೆ ಒಂದು ಗಂಟೆಯೂ ಇಲ್ಲ. ಆದರೆ ಅಲ್ಲಿಯ ತಿಳಿವಳಿಕೆ ಇಲ್ಲಿಗೆ ಬಂದಿಲ್ಲ.

ನಮ್ಮ ಟೂರ್ನಿಗಳಲ್ಲಿ ಪಂದ್ಯಕ್ಕೆ ಒಬ್ಬನಿಗೆ ಇಷ್ಟೇ ಓವರ್ ಎಂಬ ನಿಯಮವಿದೆ. ದಿನಕ್ಕೆ ಇಷ್ಟೇ ಎಂಬ ನಿಯಮ ನಾನು ಕಂಡಿಲ್ಲ. ಮೂರು ಪಂದ್ಯ ಗೆದ್ದರೆ ಮೂರರಲ್ಲೂ ಅದೇ ಹುಡುಗ ಓಡಬೇಕು. ದಣಿದ ಕಾಲು ನೆಲಕ್ಕೆ ಸರಿಯಾಗಿ ಊರುವುದಿಲ್ಲ, ಸೊಂಟ ತಿರುಗುವುದಿಲ್ಲ. ಆ ಕೆಲಸವನ್ನೆಲ್ಲ ಭುಜವೇ ಮಾಡುತ್ತದೆ. ಕೈ ಸ್ವಲ್ಪ ತಗ್ಗುತ್ತದೆ, ಚೆಂಡು ಬೇಗ ಕೈಬಿಡುತ್ತದೆ, ಯಾರ್ಕರ್ ಫುಲ್‌ಟಾಸ್ ಆಗುತ್ತದೆ. ನೋಡುವವರಿಗೆ ಕಾಣುವುದು ಸಿಕ್ಸರ್ ಮಾತ್ರ.

ಬೌಲರ್ ಸೊರಗಿದ್ದಕ್ಕೆ ತಂಡ ಸೋತಿತು ಎನ್ನುತ್ತೇವೆ. ನಾನು ಕಂಡಂತೆ, ತಂಡ ಅವನನ್ನು ಲೆಕ್ಕವಿಲ್ಲದೆ ಖರ್ಚು ಮಾಡಿದ್ದಕ್ಕೆ, ಅವನ ಪಕ್ಕದಲ್ಲಿ ಇನ್ನಿಬ್ಬರನ್ನು ಬೆಳೆಸದಿದ್ದಕ್ಕೆ ಬೌಲರೂ ಸೊರಗಿದ, ತಂಡವೂ ಸೋತಿತು.

ಹೊಸಪೇಟೆ, ಸಂಡೂರು, ಕಂಪ್ಲಿಯಲ್ಲಿ ಟೂರ್ನಿ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಹದಿನೆಂಟು ದಾಟದ ಯಾವ ಹುಡುಗನೂ ಒಂದು ದಿನದಲ್ಲಿ ಎರಡಕ್ಕಿಂತ ಹೆಚ್ಚು ಪಂದ್ಯಗಳಲ್ಲಿ ಬೌಲಿಂಗ್ ಮಾಡುವಂತಿಲ್ಲ ಎಂಬ ಒಂದು ಸಾಲನ್ನು ನಿಯಮಗಳಲ್ಲಿ ಸೇರಿಸಿ. ಸ್ಕೋರ್ ಬರೆಯುವವರು ಪ್ರತಿ ಎಸೆತವನ್ನೂ ಈಗಾಗಲೇ ಬರೆಯುತ್ತಿದ್ದಾರೆ. ದಿನದ ಕೊನೆಗೆ ಕೂಡಿಸಿ ನೋಡಿದರೆ ಸಾಕು.